ಗಾಜಷ್ಟೇ ಬದಲಿಸಿದರೆ ಸಾಲದು

ಮಾನ್ಯರೇ,

ಸ್ಫೋಟದಲ್ಲಿ ಕಟ್ಟಡ ನಿಂತೇ ಇದ್ದರೂ ಒಳಗಿನವರನ್ನು ಸಿಡಿದ ಕಿಟಕಿ ಗಾಜು ಸೀಳಿಬಿಡುತ್ತದೆ. 2020ರ ಆಗಸ್ಟ್ 4ರಂದು ಲೆಬನಾನ್‌ನ ಬೈರೂತ್ ಬಂದರಿನಲ್ಲಿ ಸ್ಫೋಟವಾದಾಗ ಹಲವು ಕಿಲೋಮೀಟರ್ ದೂರದ ಕಿಟಕಿಗಳೂ ಪುಡಿಯಾದವು.

ಲ್ಯಾಮಿನೇಟೆಡ್ ಗಾಜು ಒಡೆಯುವುದೇ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಅದೂ ಒಡೆಯುತ್ತದೆ. ಆದರೆ ಅದರ ಎರಡು ಗಾಜಿನ ಹಾಳೆಗಳ ನಡುವಿನ ಪಿವಿಬಿ ಪ್ಲಾಸ್ಟಿಕ್ ಪದರ ಚೂರುಗಳನ್ನು ಕಚ್ಚಿಹಿಡಿದು, ಪರದೆಯಂತೆ ಉಬ್ಬಿ, ಸ್ಫೋಟದ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಈ ಪದರ 0.38 ಮಿ.ಮೀ. ಅಥವಾ ಅದರ ಪಟ್ಟುಗಳ ದಪ್ಪದಲ್ಲಿ ಸಿಗುತ್ತದೆ. ಸ್ಫೋಟ ತಡೆಗೆ 1.52 ಮಿ.ಮೀ. ಕೇಳಿ ಪಡೆಯಿರಿ, ತೆಳು ಪದರ ಬೇಗ ಹರಿಯುತ್ತದೆ.

ಎಡವುವುದು ಚೌಕಟ್ಟಿನಲ್ಲಿ. ಮಾಮೂಲಿ ಕಿಟಕಿಯಲ್ಲಿ ಗಾಜಿನ ಅಂಚು ಚೌಕಟ್ಟಿನ ತೋಡಿನೊಳಗೆ ಹೋಗಿರುವುದು ಹತ್ತು ಹನ್ನೆರಡು ಮಿ.ಮೀ. ಮಾತ್ರ. ಅದರಲ್ಲಿ ಲ್ಯಾಮಿನೇಟೆಡ್ ಗಾಜು ಕೂರಿಸಿದರೆ ಉಬ್ಬಿದ ಹಾಳೆ ಅಂಚಿನಿಂದ ಜಾರಿ, ಇಡಿಯಾಗಿ ಒಳಗಿದ್ದವರ ಮೇಲೆ ಬೀಳುತ್ತದೆ. 25ರಿಂದ 30 ಮಿ.ಮೀ. ಆಳದ ತೋಡು ಬೇಕು, ಅಂಚನ್ನು ಸ್ಟ್ರಕ್ಚರಲ್ ಸಿಲಿಕೋನ್ ಎಂಬ ಗಟ್ಟಿ ಅಂಟಿನಿಂದ ಬಂಧಿಸಬೇಕು. ಚೌಕಟ್ಟನ್ನು ಗೋಡೆಗೆ ಹಿಡಿಯುವ ಆಂಕರ್ ಬೋಲ್ಟ್‌ಗಳ ಲೆಕ್ಕವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹಾಕಬೇಕು. ಸ್ಫೋಟದ ಒತ್ತಡದ ಬೆನ್ನಿಗೇ ಹೊರಕ್ಕೆಳೆಯುವ ಸೆಳೆತವೂ ಬರುತ್ತದೆ, ಲೆಕ್ಕದಲ್ಲಿ ಅದನ್ನೂ ಬಿಡಬಾರದು.

ಜೋಡಿ ಗಾಜಿನ ಕಿಟಕಿಯಾದರೆ ಕೋಣೆಯ ಕಡೆಯ ಹಾಳೆ ಲ್ಯಾಮಿನೇಟೆಡ್ ಆಗಿರಲೇಬೇಕು. ಕಾಯಿಸಿ ಗಟ್ಟಿಗೊಳಿಸಿದ ಟಫನ್ಡ್ ಗಾಜೊಂದೇ ಸಾಕೆನ್ನುವವರನ್ನು ದಯವಿಟ್ಟು ನಂಬಬೇಡಿ: ಅದು ಸಣ್ಣ ಹರಳುಗಳಾಗಿ ಒಡೆದರೂ ಹಿಡಿದಿಡುವ ಪದರವಿಲ್ಲದೆ ಅವು ರಭಸದಿಂದ ಒಳನುಗ್ಗುತ್ತವೆ. ಹಳೆಯ ಕಿಟಕಿಗೆ ಚೂರು ಹಿಡಿದಿಡುವ ಪ್ಲಾಸ್ಟಿಕ್ ಫಿಲ್ಮ್ ಅಂಟಿಸುವುದು ತಾತ್ಕಾಲಿಕ ಪರಿಹಾರವಷ್ಟೇ, ಅದಕ್ಕೂ ಅಂಚು ಚೌಕಟ್ಟಿಗೆ ಬಿಗಿದಿರಬೇಕು.