ಅಪ್ಪನ ಜೊತೆ ನಿಂತವರಿಗೆ, ಅವರಲ್ಲೂ ಒಬ್ಬರಿಗೆ

ಮೂಗಿನ ಮೂಲಕ ಹೊಟ್ಟೆಗೆ ಆಹಾರ ಕೊಡುವ ರೈಲ್ಸ್ ಟ್ಯೂಬ್ ತೆಗೆದು ಅಪ್ಪ ಮತ್ತೆ ಬಾಯಿಂದಲೇ ಊಟ ಮಾಡಲು ಆರಂಭಿಸಿ ಈ ಯುಗಾದಿಗೆ ಒಂದು ವರ್ಷ ತುಂಬಿತು. ಹಬ್ಬದ ದಿನ ಅವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಹಾಲಿನಲ್ಲಿ ಚೆನ್ನಾಗಿ ನೆನೆಸಿ ನುಣ್ಣಗೆ ಕಲಸಿದ ಹೋಳಿಗೆಯನ್ನು ತಮ್ಮ ಕೈಯಿಂದಲೇ, ಅವಸರವಿಲ್ಲದೆ, ಪೂರ್ತಿ ತಿಂದು ಮುಗಿಸಿದರು. ಮೈ ಬಿಗಿದು ಚಲನೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆ ಎಲ್ಲಿಗೂ ಹೋಗಿಲ್ಲ, ಅದು ಹೋಗುವಂಥದ್ದೂ ಅಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಹಾಗೆಯೇ ಇವೆ. ಕಳೆದ ವರ್ಷ ಏನೇನು ನಡೆಯಿತೆಂಬುದು ಬಂಧುಗಳಿಗೂ ಸ್ನೇಹಿತರಿಗೂ ಗೊತ್ತೇ ಇರುವುದರಿಂದ ಅದನ್ನು ಮೊದಲಿನಿಂದ ಹೇಳುವ ಅಗತ್ಯವಿಲ್ಲ. ಆದರೆ ಅಪ್ಪ ಇಂದು ನಮ್ಮೊಡನೆ ಕುಳಿತು ಊಟ ಮಾಡುತ್ತಿರುವುದಕ್ಕೆ ಯಾರು ಕಾರಣ ಎಂಬುದನ್ನು ಸಾರ್ವಜನಿಕವಾಗಿ ಹೇಳಲೇಬೇಕೆಂದು ಈ ಬರಹ.

ರಾತ್ರೋರಾತ್ರಿ ಕಾರು ತಂದ ಪಕ್ಕದ ಮನೆಯವರಿಗೆ, ನಮ್ಮ ಕಬ್ಬಿನ ಗದ್ದೆಗೆ ನೀರು ಹಾಯಿಸಿ ಕಟಾವಿನವರೆಗೂ ನೋಡಿಕೊಂಡ ಚಿಕ್ಕಪ್ಪನ ಮಕ್ಕಳಿಗೆ, ಆಸ್ಪತ್ರೆಗೆ ಬುತ್ತಿ ಕಳುಹಿಸಿದ ಅತ್ತೆಗೆ, ರಜೆ ಕೊಡುವಾಗ ಒಂದು ಮಾತನ್ನೂ ಕೇಳದ ನನ್ನ ಮೇಲಧಿಕಾರಿಗೆ, ಹಣದ ಸಹಾಯ ಮಾಡಿ ಹೆಸರು ಹೇಳಬೇಡಿ ಎಂದ ಇಬ್ಬರು ಹಿರಿಯರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರಗಳು. ಉಳಿದ ಮಾತನ್ನು ಹೆಚ್ಚಾಗಿ ಒಬ್ಬರಿಗೇ ಮೀಸಲಿಡುತ್ತಿದ್ದೇನೆ. ಅದಕ್ಕೆ ನೀವು ಯಾರೂ ಬೇಸರಿಸುವುದಿಲ್ಲವೆಂದು ಬಲ್ಲೆ.

ಅವರು ಮೈಸೂರಿನ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯಲ್ಲಿದ್ದ ಫಿಸಿಯೋಥೆರಪಿಸ್ಟ್. ಹೆಸರು ಬರೆಯಬಾರದೆಂದು ಅವರೇ ಕೇಳಿಕೊಂಡಿದ್ದಾರೆ. ನಮ್ಮ ಮನೆಯಲ್ಲಿ ಅವರನ್ನು ಮೇಡಂ ಎನ್ನುತ್ತೇವೆ, ಅಪ್ಪ ಮಾತ್ರ ಅವ್ವಾ ಎಂದೇ ಕರೆಯುತ್ತಾರೆ.

ಅಪ್ಪನಿಗೆ ನ್ಯುಮೋನಿಯಾ ಆಗಿ ದಾಖಲು ಮಾಡಿದ ದಿನ, ನುಂಗುವಾಗ ಊಟ ಶ್ವಾಸನಾಳಕ್ಕೆ ಹೋಗುತ್ತಿದೆ ಎಂಬ ಸಂಶಯದಿಂದ ಬಾಯಿಗೆ ಏನನ್ನೂ ಕೊಡಬಾರದೆಂದು ಹೇಳಲಾಗಿತ್ತು. ಊಟದ ಜೊತೆಗೆ ಮಾತ್ರೆಗಳೂ ನಿಂತವು. ಎಲ್ಲರ ಗಮನವೂ ಶ್ವಾಸಕೋಶದ ಮೇಲಿತ್ತು, ಇರಬೇಕಾದದ್ದೇ. ರಾತ್ರಿಯ ಹೊತ್ತಿಗೆ ಅಪ್ಪನ ಮೈ ಸೆಟೆದುಕೊಂಡಿತು, ದವಡೆ ಬಿಗಿಯಿತು, ಎದೆಯೊಳಗೆ ಕಫ ಗೊರಗೊರ ಎನ್ನುತ್ತಿದ್ದರೂ ಅದನ್ನು ಹೊರಹಾಕುವಷ್ಟು ಜೋರಾಗಿ ಕೆಮ್ಮಲು ಅವರಿಂದಾಗುತ್ತಿರಲಿಲ್ಲ. ವೆಂಟಿಲೇಟರ್ ಹಾಕಬೇಕಾಗಬಹುದು ಎಂದು ಒಪ್ಪಿಗೆ ಪತ್ರವನ್ನು ನನ್ನ ಕೈಗೆ ಕೊಟ್ಟರು. ಆ ಕಾಗದವನ್ನು ಹಿಡಿದು ಓಣಿಯ ಬೆಂಚಿನ ಮೇಲೆ ಕುಳಿತಿದ್ದಾಗ, ಅಪ್ಪ ಉಳಿಯಲಿ ಎಂದು ಬೇಡಿಕೊಳ್ಳುವ ಧೈರ್ಯವೂ ನನಗೆ ಉಳಿದಿರಲಿಲ್ಲ. ಈ ಹೊತ್ತು ಹೇಗಾದರೂ ಮುಗಿಯಲಿ, ಅವರಿಗೆ ಇನ್ನಷ್ಟು ನೋವಾಗದಿರಲಿ ಎಂದಷ್ಟೇ ಕೇಳಿಕೊಂಡೆ. ಅಮ್ಮ ಪಕ್ಕದಲ್ಲಿಯೇ ಇದ್ದರು. ಅವರಿಗೆ ಇದನ್ನು ಈವರೆಗೂ ಹೇಳಿಲ್ಲ. ಇಲ್ಲಿ ಓದುತ್ತಾರೆ.

ಮೇಡಂ ಬಂದದ್ದು ಕಫ ಸಡಿಲಿಸುವ ಎದೆಯ ಫಿಸಿಯೋಥೆರಪಿಗೆಂದು. ಅಪ್ಪನನ್ನು ಮಗ್ಗುಲಿಗೆ ಹೊರಳಿಸಲು ಭುಜದ ಕೆಳಗೆ ಕೈ ಹಾಕಿದವರು ತಟ್ಟನೆ ನಿಂತು, ಮೊಣಕೈಯನ್ನು ಒಮ್ಮೆ ಮಡಿಸಿ ಬಿಡಿಸಿ ನೋಡಿ, "ಪಾರ್ಕಿನ್ಸನ್ ಮಾತ್ರೆ ಕೊನೆಯದಾಗಿ ಕೊಟ್ಟಿದ್ದು ಯಾವಾಗ?" ಎಂದು ನನ್ನನ್ನು ಕೇಳಿದರು. ಹಿಂದಿನ ದಿನ ರಾತ್ರಿ ಎಂದೆ. ಅವರು ನನಗೆ ಏನೂ ಹೇಳಲಿಲ್ಲ. ನೇರವಾಗಿ ಡ್ಯೂಟಿ ಡಾಕ್ಟರ ಬಳಿಗೆ ಹೋದರು, ಡಾಕ್ಟರು ಆ ಅಪರಾತ್ರಿಯಲ್ಲಿಯೇ ನರರೋಗ ತಜ್ಞರಿಗೆ ಕರೆ ಮಾಡಿದರು. ಸ್ವಲ್ಪ ಹೊತ್ತಿನಲ್ಲಿ ರೈಲ್ಸ್ ಟ್ಯೂಬ್ ಹಾಕಿ, ಅದು ಸರಿಯಾದ ಜಾಗದಲ್ಲಿದೆಯೆಂದು ಎಕ್ಸ್‌ರೇಯಲ್ಲಿ ಖಚಿತಪಡಿಸಿಕೊಂಡು, ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾದ, ಪುಡಿ ಮಾಡಬಹುದಾದ ಸಾಧಾರಣ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಕೊಟ್ಟರು. ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಮಾತ್ರೆಯನ್ನು ಹಾಗೆ ಪುಡಿ ಮಾಡುವಂತಿಲ್ಲವೆಂಬುದನ್ನೂ, ಲೆವೊಡೋಪಾವನ್ನು ಒಮ್ಮೆಲೇ ನಿಲ್ಲಿಸಿದರೆ ಮೈ ಸೆಟೆದು ಜ್ವರ ಏರಿ ಪ್ರಾಣಕ್ಕೇ ಅಪಾಯವಾಗಬಹುದೆಂಬುದನ್ನೂ ನಾನು ತಿಳಿದದ್ದು ಅಂದೇ.

ಅನಂತರ ಬೆಳಗಾಗುವವರೆಗೂ ಅವರು ಮತ್ತೆ ಮತ್ತೆ ಬರುತ್ತಲೇ ಇದ್ದರು. ಎಡಕ್ಕೆ ಮಲಗಿಸುವುದು, ಅಂಗೈಯನ್ನು ಬೊಗಸೆಯಂತೆ ಮಾಡಿ ಬೆನ್ನನ್ನು ಲಯವಾಗಿ ತಟ್ಟುವುದು, ಬಲಕ್ಕೆ ತಿರುಗಿಸುವುದು, ನರ್ಸ್ ಜೊತೆ ಸೇರಿ ನಳಿಕೆಯಿಂದ ಹೀರಿ ಕಫ ತೆಗೆಯುವುದು, ಮತ್ತೆ ತಟ್ಟುವುದು. ಕಣ್ಣು ಮುಚ್ಚಿ ಮಲಗಿದ್ದ ಅಪ್ಪನ ಕಿವಿಯ ಬಳಿ ಬಾಗಿ, "ಅಪ್ಪಾಜಿ, ಉಸಿರು ಎಳ್ಕೊಳಿ, ಇನ್ನೂ ಸ್ವಲ್ಪ, ಈಗ ಕೆಮ್ಮಿ" ಎಂದು ಒಂದೇ ದನಿಯಲ್ಲಿ, ಒಂದಿಷ್ಟೂ ಬೇಸರವಿಲ್ಲದೆ ಹೇಳುತ್ತಿದ್ದರು. ಮಾತ್ರೆ ಹಿಡಿಯತೊಡಗಿದಂತೆ ಕೈಕಾಲು ಸಡಿಲವಾದವು. ಬೆಳಗಿನ ಜಾವಕ್ಕೆ ಅಪ್ಪ ನಿಜವಾಗಿ ಕೆಮ್ಮಿದರು, ಎದೆಯಾಳದಿಂದ, ಮಂಚ ಅಲುಗುವ ಹಾಗೆ. ಆ ಕೆಮ್ಮಿಗೆ ಮೇಡಂ ಮುಖದಲ್ಲಿ ಮೂಡಿದ ಸಂತೋಷವನ್ನು ನಾನು ಮರೆಯಲಾರೆ. ಒಪ್ಪಿಗೆ ಪತ್ರ ನನ್ನ ಜೇಬಿನಲ್ಲೇ ಉಳಿಯಿತು. ಪಾಳಿ ಮುಗಿದಿದ್ದರೂ ಅವರು ಮನೆಗೆ ಹೋಗದೆ ನರರೋಗ ತಜ್ಞರು ಬರುವವರೆಗೂ ಕಾದರು, ಹಾಗೆ ಕಾಯುತ್ತಿರುವಾಗಲೇ ಅಪ್ಪ ಕಣ್ಣು ಬಿಟ್ಟು, ಒಣಗಿದ ಬಾಯಲ್ಲಿ, "ಊಟ ಮಾಡ್ದೇನವ್ವಾ?" ಎಂದು ಅವರನ್ನು ಕೇಳಿದರು. ಇಡೀ ರಾತ್ರಿ ಗಟ್ಟಿಯಾಗಿದ್ದವರು ಆಗ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡರು.

ಅವರು ಮಾಡಿದ್ದು ಇಷ್ಟೇ ಆಗಿದ್ದರೂ ಜನ್ಮಪೂರ್ತಿ ನೆನೆಯುವಷ್ಟಾಗುತ್ತಿತ್ತು. ಆದರೆ ಅದಕ್ಕಿಂತ ದೊಡ್ಡ ಉಪಕಾರವೊಂದು ಆಮೇಲಿನ ದಿನಗಳಲ್ಲಿ ನಡೆಯಿತು. ನಾಲ್ಕಾರು ಕಾಯಿಲೆಗಳು ಒಟ್ಟಿಗಿರುವ ಮನೆಗಳವರಿಗೆ ಅದರ ಬೆಲೆ ಬೇಗ ಅರ್ಥವಾಗುತ್ತದೆ.

ಅದಕ್ಕೂ ಮೊದಲು ನಮ್ಮ ಪಾಡು ಹೇಗಿತ್ತೆಂದರೆ, ಸಕ್ಕರೆ ಕಾಯಿಲೆಯ ವೈದ್ಯರು ಗಂಜಿ ಬೇಡ, ಬೇಳೆ ಮೊಟ್ಟೆ ಹೆಚ್ಚು ಕೊಡಿ ಎನ್ನುತ್ತಿದ್ದರು. ನರರೋಗದ ಕಡೆಯವರು ಬೇಳೆ ಮೊಟ್ಟೆಯ ಪ್ರೋಟೀನ್ ಲೆವೊಡೋಪಾ ಹೀರಿಕೆಗೆ ಅಡ್ಡ ಬರುತ್ತದೆ, ಮಾತ್ರೆಯ ಜೊತೆ ಕೊಡಬೇಡಿ ಎನ್ನುತ್ತಿದ್ದರು. ನುಂಗಲು ಕಷ್ಟವೆಂದು ಹೇಳಿದರೆ ಮತ್ತೊಬ್ಬರು ಗಂಜಿಯನ್ನೇ ಕೊಡಿ ಎನ್ನುತ್ತಿದ್ದರು. ರಕ್ತದೊತ್ತಡಕ್ಕೆಂದು ಬರೆದ ಮಾತ್ರೆ ಎಷ್ಟೋ ವರ್ಷಗಳಿಂದ ಹಾಗೆಯೇ ನಡೆದಿತ್ತು. ಒಬ್ಬೊಬ್ಬರು ಹೇಳಿದ್ದೂ ಅವರವರ ಮಟ್ಟಿಗೆ ಸರಿಯೇ, ಆದರೆ ಅವರು ಪರಸ್ಪರ ಮಾತಾಡಿರಲಿಲ್ಲ. ಎಲ್ಲವನ್ನೂ ಹೊಂದಿಸುವ ಕೆಲಸ ಅಮ್ಮನ ಪಾಲಿಗೆ ಬಿದ್ದಿತ್ತು, ಅಮ್ಮ ಓದಿರುವುದು ಏಳನೆಯ ತರಗತಿ.

ಆ ರಾತ್ರಿ ಮೇಡಂ ಎಕ್ಸ್‌ರೇ ಕವರಿನ ಹಿಂಬದಿಯಲ್ಲಿ ಅಪ್ಪನ ಮಾತ್ರೆಗಳ ಹೊತ್ತನ್ನು ಒಂದರ ಕೆಳಗೊಂದು ಬರೆದಿದ್ದರು. ಮರುವಾರ ಅದನ್ನೇ ಹಿಡಿದು ಓಡಾಡಿ, ನರರೋಗ ತಜ್ಞರು, ಸಾಮಾನ್ಯ ವೈದ್ಯರು, ಡಯಟೀಷಿಯನ್, ನುಂಗುವ ತೊಂದರೆಯನ್ನು ನೋಡುವ ಸ್ಪೀಚ್ ಥೆರಪಿಸ್ಟ್, ದಿನನಿತ್ಯದ ಕೆಲಸಗಳನ್ನು ಸುಲಭವಾಗಿ ಮಾಡಿಕೊಳ್ಳಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್, ಔಷಧಾಲಯದ ಫಾರ್ಮಸಿಸ್ಟ್ ಇಷ್ಟೂ ಜನರನ್ನು ವಾರ್ಡಿನ ಪಕ್ಕದ ಕೊಠಡಿಯಲ್ಲಿ ಒಟ್ಟಿಗೆ ಕೂರಿಸಿದರು. ಅಮ್ಮನಿಗೂ ಕುರ್ಚಿ ಹಾಕಿಸಿದರು. ಹಾಗೆ ಮಾಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಂದು ತೀರ್ಮಾನವಾದದ್ದೆಲ್ಲ ಒಂದೇ ನೋಟ್‌ಬುಕ್ಕಿಗೆ ಹೋಯಿತು. ಇಂದಿಗೂ ಅಪ್ಪನನ್ನು ಯಾರು ನೋಡಿದರೂ ಅದರಲ್ಲೇ ಬರೆಯುತ್ತಾರೆ. ವಾಂತಿಗೆಂದು ಸಾಮಾನ್ಯವಾಗಿ ಕೊಡುವ ಮೆಟೊಕ್ಲೋಪ್ರಮೈಡ್ ಪಾರ್ಕಿನ್ಸನ್ ಇರುವವರಿಗೆ ಕೂಡದು ಎಂದು ಫಾರ್ಮಸಿಸ್ಟ್ ಆ ನೋಟ್‌ಬುಕ್ಕಿನ ರಟ್ಟಿನ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದಾರೆ.

ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು, ಪ್ರೋಟೀನಿನ ಹೆಚ್ಚಿನ ಪಾಲು ರಾತ್ರಿಯ ಊಟಕ್ಕೆ ಎಂದು ಡಯಟೀಷಿಯನ್ ಹೊಂದಿಸಿದ ಮೇಲೆ ಹಗಲಿನ ಹೊತ್ತು ಅಪ್ಪನ ನಡಿಗೆ ಸುಧಾರಿಸಿತು, ಸಕ್ಕರೆಯೂ ಹತೋಟಿಯಲ್ಲಿದೆ. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಬಿಪಿ ನೋಡಿ, ಮೇಲಿನ ಅಂಕಿ 20ಕ್ಕಿಂತಲೂ ಹೆಚ್ಚು ಇಳಿಯುತ್ತಿರುವುದನ್ನು ಕಂಡುಹಿಡಿದವರೂ ಮೇಡಂ ಅವರೇ. ಸಾಮಾನ್ಯ ವೈದ್ಯರು ಅದನ್ನು ನೋಡಿ ರಕ್ತದೊತ್ತಡದ ಮಾತ್ರೆಯನ್ನು ಕಡಿಮೆ ಮಾಡಿದರು, ಅಪ್ಪ ಬೀಳುವುದು ನಿಂತಿತು. ಬಾಗಿಲ ಬಳಿ ಬಂದರೆ ಅಪ್ಪನ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತಿತ್ತಲ್ಲ, ಅದಕ್ಕೂ ಅವರು ಉಪಾಯ ಹೇಳಿಕೊಟ್ಟರು. ಹೊಸ್ತಿಲಿನ ಆಚೆ ಈಚೆ ಹೆಜ್ಜೆಗೊಂದರಂತೆ ಬಿಳಿ ಬಣ್ಣದ ಅಡ್ಡಗೆರೆಗಳನ್ನು ಎಳೆದಿದ್ದೇವೆ. ಗೆರೆಯನ್ನು ನೋಡಿ ಅದನ್ನು ದಾಟಬೇಕೆಂದು ಮನಸ್ಸಿಗೆ ಬಂದೊಡನೆ ಕಾಲು ತಾನಾಗಿ ಏಳುತ್ತದೆ. ಆಕ್ಯುಪೇಷನಲ್ ಥೆರಪಿಸ್ಟ್ ನಮ್ಮ ಮನೆಯ ಚಿತ್ರಗಳನ್ನು ತರಿಸಿಕೊಂಡು ಮಂಚದ ಎತ್ತರ, ಬಚ್ಚಲ ಹಿಡಿಕೆ, ಚಮಚದ ಹಿಡಿಗೆ ಸುತ್ತುವ ಬಟ್ಟೆಯವರೆಗೂ ಹೇಳಿಕೊಟ್ಟರು.

ಸ್ಪೀಚ್ ಥೆರಪಿಸ್ಟ್ ಅವರ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು. 1965ರಲ್ಲಿ ಆರಂಭವಾದ ಆ ಸಂಸ್ಥೆ ಕಿವಿ ಕೇಳದ, ಮಾತು ಬಾರದ ಮಕ್ಕಳಿಗೆಂದೇ ಇರುವುದು ಎಂದು ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ನಾಲಿಗೆ, ಗಂಟಲುಗಳ ಚಲನೆಯನ್ನು ಬಲ್ಲವರೇ ನುಂಗುವುದನ್ನೂ ಸರಿಪಡಿಸುತ್ತಾರೆಂದು ನಮಗೂ ತಿಳಿದಿರಲಿಲ್ಲ. ಅಪ್ಪ ಏನು ತಿನ್ನುತ್ತಾರೆಂದು ಅವರು ಕೇಳಿದಾಗ ಅಮ್ಮ ಮುದ್ದೆ ಎಂದರು. ಅವರು ಬೇಡವೆಂದು ಹೇಳಿಬಿಡಲಿಲ್ಲ. ಹೇಗೆ ತಿನ್ನುತ್ತಾರೆ ಎಂದು ಬಿಡಿಸಿ ಬಿಡಿಸಿ ಕೇಳಿದರು. ಮಂಡ್ಯದ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಮುರಿದು ಉಂಡೆ ಮಾಡಿ ಉಪ್ಸಾರಿನಲ್ಲಿ ಅದ್ದಿ ನುಂಗುವುದೇ ರೂಢಿ. ಅಂಟುವ ಗಟ್ಟಿ ತುತ್ತು ಗಂಟಲಲ್ಲಿ ನಿಲ್ಲುತ್ತದೆ, ಅದರ ಜೊತೆಗಿನ ತೆಳು ಸಾರು ಮೊದಲೇ ಜಾರಿ ಶ್ವಾಸನಾಳದ ದಾರಿ ಹಿಡಿಯುತ್ತದೆ ಎಂದು ಅವರು ಚಿತ್ರ ಬರೆದು ತೋರಿಸಿದಾಗ, ಊಟದ ಮಧ್ಯೆ ಅಪ್ಪ ಕೆಮ್ಮುತ್ತಿದ್ದುದು ಏಕೆಂದು ನಮಗೆಲ್ಲ ಒಮ್ಮೆಲೇ ಹೊಳೆಯಿತು. ಮುದ್ದೆಯ ಬದಲು ಅದೇ ರಾಗಿಯ ದಪ್ಪ ಅಂಬಲಿ, ಸಾರಿಗೆ ಬದಲು ಸೊಪ್ಪು ಬೇಳೆ ನುಣ್ಣಗೆ ಅರೆದ ಗಟ್ಟಿ ಮಸಿಯಲು, ಗದ್ದವನ್ನು ಎದೆಯ ಕಡೆಗೆ ಬಾಗಿಸಿ ಒಂದೊಂದೇ ತುತ್ತು, ಊಟವಾದ ಮೇಲೆ ಅರ್ಧ ಗಂಟೆ ನೆಟ್ಟಗೆ ಕೂರುವುದು, ಹೀಗೆ ತಿಂಗಳುಗಟ್ಟಲೆ ತಾಳ್ಮೆಯಿಂದ ಕಲಿಸಿದರು. ಅಪ್ಪನ ನಾಲಿಗೆಗೆ ರಾಗಿಯ ರುಚಿ ತಪ್ಪದಂತೆ ನೋಡಿಕೊಂಡ ಅವರ ಋಣ ದೊಡ್ಡದು.

ಪಾರ್ಕಿನ್ಸನ್ ಕಾಯಿಲೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಸರಿಸಿರುವ 21 ವಿಧದ ವೈಕಲ್ಯಗಳಲ್ಲಿ ಒಂದು ಎಂದು ತಿಳಿಸಿ, ಪ್ರಮಾಣಪತ್ರಕ್ಕೆ ಅರ್ಜಿ ಬರೆಸಿದ ಸಮಾಜ ಕಾರ್ಯಕರ್ತೆಗೂ ವಂದನೆಗಳು.

ಈ ವೃತ್ತಿಗಳಲ್ಲಿರುವವರನ್ನು ನಮ್ಮಲ್ಲಿ ಇನ್ನೂ ವ್ಯಾಯಾಮ ಮಾಡಿಸುವವರು, ಊಟದ ಪಟ್ಟಿ ಕೊಡುವವರು ಎಂದಷ್ಟೇ ಕಾಣುತ್ತಾರೆ. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ, ಪೌಷ್ಟಿಕ ಆಹಾರ ಮುಂತಾದ, ವೈದ್ಯರ ಜೊತೆಗೂಡಿ ಕೆಲಸ ಮಾಡುವ ಅಲೈಡ್ ಹೆಲ್ತ್ ವೃತ್ತಿಗಳಿಗಾಗಿ ಒಂದು ರಾಷ್ಟ್ರೀಯ ಆಯೋಗವನ್ನು ರಚಿಸುವ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 2021ರಲ್ಲಿ, ಅಷ್ಟು ತಡವಾಗಿ. ನಿಮ್ಮ ಮನೆಯಲ್ಲಿಯೂ ದೀರ್ಘಕಾಲದ ಕಾಯಿಲೆಯ ಹಿರಿಯರಿದ್ದರೆ, ಊಟದ ಮಧ್ಯೆ ಕೆಮ್ಮು ಬರುತ್ತಿದ್ದರೆ, ಎದ್ದು ನಿಂತಾಗ ತಲೆ ಸುತ್ತುತ್ತಿದ್ದರೆ, ಇವರನ್ನು ನೋಡಬೇಕೆಂದು ನಿಮ್ಮ ವೈದ್ಯರನ್ನು ಕೇಳಿ. ಅವರೆಲ್ಲ ಒಂದೇ ಪುಸ್ತಕದಲ್ಲಿ ಬರೆಯಲಿ ಎಂದೂ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಮೇಡಂ, ನೀವು ಇದನ್ನು ಓದುತ್ತೀರೆಂದು ಗೊತ್ತು. ಆ ರಾತ್ರಿ ನೀವು ನಿಮ್ಮ ಪಾಲಿನ ಎದೆಯ ಫಿಸಿಯೋಥೆರಪಿಯನ್ನಷ್ಟೇ ಮುಗಿಸಿ ಮುಂದಿನ ಮಂಚಕ್ಕೆ ಹೋಗಬಹುದಿತ್ತು, ಯಾರೂ ನಿಮ್ಮನ್ನು ತಪ್ಪೆನ್ನುತ್ತಿರಲಿಲ್ಲ. ನೀವು ಹೋಗಲಿಲ್ಲ. ಇದನ್ನೆಲ್ಲ ನಿಮ್ಮ ಹೆಸರಿನೊಂದಿಗೆ ವಿವರವಾಗಿ ಬರೆದು ನಿಮ್ಮ ಆಸ್ಪತ್ರೆಯ ಮುಖ್ಯಸ್ಥರಿಗೆ ಕಳುಹಿಸಿದ್ದೇವೆ. ಕೆಳಗೆ ಅಮ್ಮ ತಾವೇ ಸಹಿ ಹಾಕಿದ್ದಾರೆ.

ಅಪ್ಪನ ದನಿ ಈಚೆಗೆ ಬಹಳ ಮೆತ್ತಗಾಗಿರುವುದರಿಂದ, ಪಾರ್ಕಿನ್ಸನ್ ಇದ್ದ ಲೀ ಸಿಲ್ವರ್‌ಮನ್ ಎಂಬ ಮಹಿಳೆಯ ಹೆಸರಿನ ಧ್ವನಿ ತರಬೇತಿಯನ್ನು ಮುಂದಿನ ತಿಂಗಳು ಆರಂಭಿಸುತ್ತಿದ್ದಾರೆ. ವಾರಕ್ಕೆ ನಾಲ್ಕು ದಿನದಂತೆ ನಾಲ್ಕು ವಾರ ಮೈಸೂರಿನಲ್ಲೇ ಇರಬೇಕಾಗುತ್ತದೆ. ಬುತ್ತಿ ಕಳುಹಿಸಿದ ಅತ್ತೆಯೇ ಈಗ ತಮ್ಮ ಮನೆಯ ಮುಂದಿನ ಕೋಣೆಯನ್ನು ಅಪ್ಪನಿಗೆಂದು ತೆರವು ಮಾಡಿಸಿ, ಹೊಸ್ತಿಲ ಬಳಿ ಗೆರೆಗಳನ್ನು ಎಷ್ಟು ಅಂತರದಲ್ಲಿ ಎಳೆಯಬೇಕೆಂದು ಫೋನಿನಲ್ಲಿ ಕೇಳಿದ್ದಾರೆ. ಅಳತೆ ಕಳುಹಿಸಿದ್ದೇವೆ. ಅಪ್ಪನನ್ನು ನೋಡಲು ಬರುವವರು ಆ ನಾಲ್ಕು ವಾರ ಅಲ್ಲಿಗೇ ಬನ್ನಿ, ಸಂಜೆ ಐದರ ಮೇಲೆ ಅವರು ಚೆನ್ನಾಗಿ ಮಾತಾಡುತ್ತಾರೆ.