ಪರಿಹಾರದ ಲೆಕ್ಕಕ್ಕೆ ನಿಜವಾದ ಸಂಬಳವೇ ಆಧಾರವಾಗಲಿ

ಮಾನ್ಯ ಸಂಪಾದಕರೇ,

ಮನೆಯಿಂದ ಕೆಲಸಕ್ಕೆ ಹೋಗುವ ಅಥವಾ ಕೆಲಸ ಮುಗಿಸಿ ಮರಳುವ ದಾರಿಯಲ್ಲಿ ಆಗುವ ಅಪಘಾತವನ್ನು, ಅದರ ಸಮಯ, ಸ್ಥಳ ಮತ್ತು ಸಂದರ್ಭಕ್ಕೆ ಉದ್ಯೋಗದೊಡನೆ ನಂಟು ಇದ್ದರೆ, ಉದ್ಯೋಗದಿಂದ ಉಂಟಾದ ಅಪಘಾತವೆಂದೇ ಪರಿಗಣಿಸಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ತೀರ್ಪು ನೀಡಿತು. ಅದೇ ವರ್ಷದ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ರಕ್ಷಣೆ ಇದೆ. ಪೀಣ್ಯದಲ್ಲಿ ರಾತ್ರಿ ಪಾಳಿ ಮುಗಿಸಿ ಲಾರಿಗಳ ನಡುವೆ ನೆಲಮಂಗಲದ ಕಡೆಗೆ ಬೈಕಿನಲ್ಲಿ ಹೊರಡುವವರಿಗೆ, ನಸುಕಿನಲ್ಲೇ ಬೊಮ್ಮಸಂದ್ರದ ಗೇಟು ಮುಟ್ಟಬೇಕಾದವರಿಗೆ ಇದು ನಿಜವಾದ ಆಸರೆ. ಆದರೆ ಆ ಪ್ರಕರಣದ ಕಾವಲುಗಾರ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದಕ್ಕೆ ಬೆಳಗಿನ ಜಾವದ ಪಾಳಿಗೆಂದು ಹೊರಟು ತೀರಿಕೊಂಡದ್ದು 2003ರ ಏಪ್ರಿಲ್‌ನಲ್ಲಿ. ಅವರ ಕುಟುಂಬ ಅಂತಿಮ ತೀರ್ಪಿಗಾಗಿ 22 ವರ್ಷ ಕಾಯಬೇಕಾಯಿತು ಎಂಬುದನ್ನು ಮರೆಯಬಾರದು.

ಯಾರಿಗೆ ಪರಿಹಾರ ಎಂಬುದು ಹೀಗೆ ವಿಸ್ತಾರಗೊಂಡಿದ್ದರೂ, ಎಷ್ಟು ಪರಿಹಾರ ಎಂಬ ಪ್ರಶ್ನೆ ಹಿಂದೆಯೇ ಉಳಿದಿದೆ. ನೌಕರ ಮೃತಪಟ್ಟರೆ ಮಾಲೀಕರು ಕೊಡಬೇಕಾದ ಪರಿಹಾರಕ್ಕೆ ಆ ನೌಕರರ ಮಾಸಿಕ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕಂತೆ ಕಾನೂನು ನಿಗದಿಪಡಿಸಿರುವ ಗುಣಕದಿಂದ ಗುಣಿಸಬೇಕು ಎಂಬುದು ಸೂತ್ರ. ಈ ಲೆಕ್ಕಕ್ಕೆ ಹಿಡಿಯುವ ವೇತನಕ್ಕೆ ಒಂದು ಗರಿಷ್ಠ ಮಿತಿ ಇದೆ. 2010ರಲ್ಲಿ ₹8,000 ಎಂದು ನಿಗದಿಯಾದ ಆ ಮಿತಿಯನ್ನು ಕೇಂದ್ರ ಸರ್ಕಾರ ₹15,000ಕ್ಕೆ ಏರಿಸಿದ್ದು ಸುಮಾರು 10 ವರ್ಷಗಳ ಬಳಿಕ, 2020ರ ಜನವರಿಯಲ್ಲಿ.

ಕಾರ್ಖಾನೆಗಳಲ್ಲಿ ಲೆಕ್ಕಪತ್ರ ನೋಡಿಕೊಂಡು ಬಂದವನಾದ್ದರಿಂದ ಅಂಕಿಗಳಲ್ಲೇ ಹೇಳುತ್ತೇನೆ. ತಿಂಗಳಿಗೆ ₹25,000 ದುಡಿಯುವ 30 ವರ್ಷದ ವೆಲ್ಡರ್ ಒಬ್ಬರು ಕೆಲಸದಲ್ಲಿ ಮೃತಪಟ್ಟರೆ, ಆ ವಯಸ್ಸಿನ ಗುಣಕವಾದ 207.98ರಂತೆ ಅವರ ಕುಟುಂಬಕ್ಕೆ ₹25,99,750 ಸಿಗಬೇಕು. ₹15,000ದ ಮಿತಿ ಅನ್ವಯಿಸಿದರೆ ಸಿಗುವುದು ₹15,59,850. ಈ ಹಣವನ್ನು ಶೇ 7ರ ಬಡ್ಡಿಗೆ ಇಟ್ಟರೂ ತಿಂಗಳಿಗೆ ಬರುವುದು ₹9,100ರ ಆಸುಪಾಸು. ಬೆಂಗಳೂರಿನಲ್ಲಿ ಅದು ಮನೆ ಬಾಡಿಗೆಗೂ ಸಾಲುವುದು ಕಷ್ಟ.

ನೌಕರರ ರಾಜ್ಯ ವಿಮೆ (ಇಎಸ್‌ಐ) ಇದೆಯಲ್ಲ ಎಂದು ಕೆಲವರು ಕೇಳಬಹುದು. ಇಎಸ್‌ಐ ವ್ಯಾಪ್ತಿಯಲ್ಲಿರುವ ನೌಕರ ಕೆಲಸದ ಅಪಘಾತದಲ್ಲಿ ತೀರಿಕೊಂಡರೆ ಪತ್ನಿ ಮತ್ತು ಮಗುವಿಗೆ ಸೇರಿ ವೇತನದ ಶೇ 90ರಷ್ಟು ಮಾಸಿಕ ಪಿಂಚಣಿ ಬರುತ್ತದೆ. ಈ ವ್ಯವಸ್ಥೆಯ ಬಗ್ಗೆ ನನಗೆ ಗೌರವವಿದೆ. ಆದರೆ 2017ರ ಜನವರಿಯಿಂದ ಇಎಸ್‌ಐ ವೇತನ ಮಿತಿ ₹21,000. ಮೇಲೆ ಹೇಳಿದ ವೆಲ್ಡರ್ ಆ ಮಿತಿಯನ್ನು ದಾಟಿರುವುದರಿಂದ ಇಎಸ್‌ಐಗೆ ಸೇರುವುದಿಲ್ಲ. ಪರಿಹಾರದ ಲೆಕ್ಕಕ್ಕೆ ಮಾತ್ರ ₹15,000 ಸಂಬಳದವರಾಗುತ್ತಾರೆ. ಹತ್ತಾರು ವರ್ಷ ದುಡಿದು, ಕೈಕೆಲಸ ಕಲಿತು, ಸಂಬಳ ಏರಿಸಿಕೊಂಡವರ ಕುಟುಂಬಕ್ಕೇ ರಕ್ಷಣೆ ಕಡಿಮೆಯಾಗುವ ಈ ಅಂತರ ಅನ್ಯಾಯದ್ದು, ಇದನ್ನು ಸರಿಪಡಿಸಲು ಹೊಸ ಶಾಸನವೇನೂ ಬೇಕಿಲ್ಲ, ಅಧಿಸೂಚನೆ ಸಾಕು.

ಮಿತಿ ಏರಿಸಿದರೆ ಸಣ್ಣ ಕಾರ್ಖಾನೆಗಳು ಹೊರೆ ತಾಳಲಾರವು ಎಂಬ ಆಕ್ಷೇಪ ಬರುತ್ತದೆ. ಹತ್ತು ಹದಿನೈದು ಜನರಿಗೆ ಕೆಲಸ ಕೊಟ್ಟಿರುವ ಲೇತ್ ಶಾಪಿನ ಮಾಲೀಕರು ಒಮ್ಮೆಗೇ ಅಷ್ಟು ಹಣ ಕಟ್ಟಲಾರರು ಎಂಬುದು ನಿಜ, ಆದರೆ ಅವರು ₹15 ಲಕ್ಷವನ್ನೂ ಕಟ್ಟಲಾರರು. ಅಲ್ಲಿ ಬೇಕಿರುವುದು ವಿಮೆ. ಗ್ರಾಚ್ಯುಟಿಗೆ ವಿಮೆಯನ್ನು ಕಡ್ಡಾಯಗೊಳಿಸುವ ನಿಯಮಗಳನ್ನು ನಮ್ಮ ರಾಜ್ಯವೇ 2024ರಲ್ಲಿ ಜಾರಿಗೆ ತಂದಿದೆ. ನಿವೃತ್ತಿಯ ಹಣಕ್ಕೆ ಇರುವ ಈ ಭದ್ರತೆ ಪ್ರಾಣಕ್ಕೆ ಕೊಡುವ ಪರಿಹಾರಕ್ಕೆ ಇಲ್ಲದಿರುವುದು ನನಗೆ ಅರ್ಥವಾಗದ ಸಂಗತಿ. ವಿಮೆ ಇದ್ದರೆ ಮಾಲೀಕರ ಹೊರೆ ಕಂತಿನ ಹೆಚ್ಚಳಕ್ಕೆ ಸೀಮಿತವಾಗುತ್ತದೆ. ಪರಿಹಾರ ತಡವಾದರೆ ಶೇ 12ರ ಬಡ್ಡಿ, ಸಕಾರಣವಿಲ್ಲದಿದ್ದರೆ ಶೇ 50ರವರೆಗೆ ದಂಡ ಎಂದು ಕಾನೂನು ಹೇಳಿದ್ದರೂ, ಕೊಡಲು ಹಣವಿಲ್ಲದ ಮಾಲೀಕರಿಂದ ಅದನ್ನು ವಸೂಲು ಮಾಡುವುದು ಹೇಗೆ?

ಆದ್ದರಿಂದ ಕೇಂದ್ರ ಕಾರ್ಮಿಕ ಸಚಿವಾಲಯವು ವೇತನ ಮಿತಿಯನ್ನು ಕನಿಷ್ಠ ಇಎಸ್‌ಐ ಮಿತಿಗಿಂತ ಮೇಲಕ್ಕೆ ಏರಿಸಿ, ಮುಂದೆ ಬೆಲೆ ಸೂಚ್ಯಂಕಕ್ಕೆ ಅನುಗುಣವಾಗಿ ಪ್ರತಿವರ್ಷ ಪರಿಷ್ಕರಿಸಬೇಕು. ರಾಜ್ಯ ಕಾರ್ಮಿಕ ಇಲಾಖೆಯು ಗ್ರಾಚ್ಯುಟಿಯ ಮಾದರಿಯಲ್ಲೇ ಅಪಘಾತ ಪರಿಹಾರಕ್ಕೂ ಕಡ್ಡಾಯ ವಿಮೆಯ ಪ್ರಸ್ತಾವವನ್ನು ಕೈಗೆತ್ತಿಕೊಳ್ಳಬೇಕು ಎಂದು ಆಗ್ರಹಿಸುತ್ತೇನೆ.

ಇತಿ,
ನಿವೃತ್ತ ಲೆಕ್ಕಾಧಿಕಾರಿ, ರಾಜಾಜಿನಗರ, ಬೆಂಗಳೂರು