ಮುಲುಂಡಿನಲ್ಲಿ ಹೋಟೆಲ್ ತೆರೆಯುತ್ತಿರುವ ಗೆಳೆಯನಿಗೆ

ಪ್ರಿಯ ಗೆಳೆಯಾ,

ಮುಂಬಯಿಯ ಮುಲುಂಡಿನ ಆ ಗಾಲಾ, ಅಂದರೆ ಅಂಗಡಿ ಮಳಿಗೆ, ಕೊನೆಗೂ ನಿನ್ನ ಕೈಗೆ ಬಂತೆಂದು ಕೇಳಿ ತುಂಬ ಸಂತೋಷವಾಯಿತು. ಹದಿನೈದನೆಯ ವಯಸ್ಸಿಗೆ ಕುಂದಾಪುರದಿಂದ ಬಂದು, ಹಗಲಿಡೀ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ತೂಕಡಿಸುತ್ತ ಓದಿದವನು ನೀನು. ಈ ಹೋಟೆಲಿಗಾಗಿ ನೀನು ಏನೇನು ತೆತ್ತಿದ್ದೀಯೆಂದು ನನಗೆ ಗೊತ್ತು. ಅದಕ್ಕೇ ಅಡುಗೆಮನೆಯ ಕೆಲಸ ಶುರುವಾಗುವ ಮೊದಲೇ ಇದನ್ನು ಬರೆಯುತ್ತಿದ್ದೇನೆ. ನಿನ್ನ ಹಾಗೆ ಮನೆಗಳ ಕೆಳಗೆ ಹೋಟೆಲ್ ಇಡುವ ಬೇರೆಯವರೂ ಓದಲೆಂದು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ, ಬೇಸರಿಸಬೇಡ.

ಚೆಂಬೂರಿನ ನಮ್ಮ ಮನೆ ಮೊದಲ ಮಹಡಿಯಲ್ಲಿರುವುದು ನಿನಗೆ ನೆನಪಿರಬಹುದು. ಎರಡು ವರ್ಷದ ಹಿಂದೆ ಕೆಳಗಿನ ಬಟ್ಟೆ ಅಂಗಡಿ ಹೋಗಿ ಹೋಟೆಲ್ ಬಂತು. ಹೊಗೆ ಎಳೆಯುವ ಮೋಟಾರನ್ನು ಹಿಂಬದಿಯ ಗೋಡೆಗೇ ಬೋಲ್ಟ್ ಹಾಕಿ ಬಿಗಿದಿದ್ದಾರೆ. ಅದು ಶುರುವಾದೊಡನೆ ಅಮ್ಮನ ಮಂಚದ ಪಕ್ಕದ ಚೊಂಬಿನ ನೀರಿನಲ್ಲಿ ಸಣ್ಣ ಉಂಗುರಗಳು ಏಳುತ್ತವೆ. ಗೋಡೆಗೆ ಅಂಗೈ ಇಟ್ಟರೆ ಜುಮುಗುಡುತ್ತದೆ. ಕಿಟಕಿ ಮುಚ್ಚಿ ಪ್ರಯೋಜನವಿಲ್ಲ, ಆ ನಡುಕ ಕಂಬ ತೊಲೆಗಳ ಒಳಗಿಂದ ಮೇಲೇರಿ ಬರುತ್ತದೆ. ಹನ್ನೆರಡೂವರೆಗೆ ಮೋಟಾರು ನಿಂತರೆ ಪಾತ್ರೆ ತೊಳೆಯುವ ಸದ್ದು, ಆಮೇಲೆ ಶಟರು, ಐದಕ್ಕೆ ಹಾಲಿನ ಟೆಂಪೊ. ಅಮ್ಮ ಮೊದಮೊದಲು "ಅವರ ಹೊಟ್ಟೆಪಾಡು, ಇರಲಿ ಮಾರಾಯ" ಎನ್ನುತ್ತಿದ್ದಳು. ಈಗ ನಿದ್ದೆಗಾಗಿಯೇ ವಾರಕ್ಕೆ ಮೂರು ರಾತ್ರಿ ಅಕ್ಕನ ಮನೆಗೆ ಹೋಗುತ್ತಾಳೆ. ಎಪ್ಪತ್ತು ದಾಟಿದವಳು, ದಿಂಬು ಚೀಲಕ್ಕೆ ತುಂಬಿಕೊಂಡು ಹೊರಡುವುದನ್ನು ನೋಡಲಾಗುವುದಿಲ್ಲ.

ಮಾಲೀಕರು ನಮ್ಮ ಕಡೆಯವರೇ. "ಲೈಸೆನ್ಸ್ ಇದೆ, ಕಾಗದಪತ್ರ ಎಲ್ಲ ಸರಿ ಇದೆ" ಎಂದರು. ಇರಬಹುದು. 2018ರಲ್ಲಿ ಜಾರಿಗೆ ಬಂದ ಮುಂಬಯಿಯ ಅಭಿವೃದ್ಧಿ ನಿಯಮಾವಳಿಯಲ್ಲಿ ವಸತಿ ವಲಯದೊಳಗೂ, ರಸ್ತೆಯ ಅಗಲ ಮೊದಲಾದ ಷರತ್ತುಗಳ ಮೇಲೆ, ಅಂಗಡಿ ಹೋಟೆಲುಗಳಿಗೆ ಅವಕಾಶವಿದೆ. ಇರಲೇಬೇಕು, ಇಲ್ಲದಿದ್ದರೆ ನಮ್ಮವರು ಈ ಊರಿನಲ್ಲಿ ಬದುಕು ಕಟ್ಟಿಕೊಳ್ಳುವುದು ಎಲ್ಲಿ? ಆದರೆ ಹೋಟೆಲ್ ನಡೆಸುವ ಪರವಾನಗಿಯಿಂದ ಸದ್ದಿನ ಮಿತಿ ಸಡಿಲವಾಗುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಹತ್ತೇ ತಾನೆ ಎನ್ನಬೇಡ, ಹತ್ತು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಮನೆಯೂ ಅಂಗಡಿಯೂ ಬೆರೆತ ಜಾಗ ಯಾವ ವರ್ಗಕ್ಕೆ ಸೇರಬೇಕೆಂದು ಅಧಿಕಾರಿಗಳು ಗೊತ್ತುಪಡಿಸಬಹುದೆಂದು ಅದೇ ನಿಯಮ ಹೇಳುತ್ತದೆ. ನಮ್ಮ ಜಗಳ ಸಿಕ್ಕಿಹಾಕಿಕೊಂಡಿರುವುದು ಅಲ್ಲೇ. ಮಾಲೀಕರ ಪ್ರಕಾರ ನಮ್ಮದು ಪೇಟೆ ಬೀದಿ.

ದೂರು ಕೊಟ್ಟೆ. ಪೊಲೀಸರು ಬರುವ ಹೊತ್ತಿಗೆ ಮೋಟಾರು ನಿಂತಿತ್ತು. ನಿಯಮದಲ್ಲಿರುವ ಡೆಸಿಬೆಲ್ ಅಳತೆ ಮನುಷ್ಯನ ಕಿವಿಗೆ ಹೊಂದಿಸಿದ್ದು, ಮಂದ್ರದ ಗುಂಯ್‌ಗುಡುವಿಕೆಗೆ ಅದರಲ್ಲಿ ತೂಕ ಕಡಿಮೆ. ಹಾಗಾಗಿ ಮೈಗೆ ತಾಕುವ ನಡುಕ ಮಾಪಕದಲ್ಲಿ ಅಷ್ಟಾಗಿ ಕಾಣಿಸುವುದೂ ಇಲ್ಲ.

ನೀನು ಇನ್ನೂ ಟೈಲ್ಸ್ ಹಾಕಿಸಿಲ್ಲ. ಮೋಟಾರನ್ನು ಗೋಡೆಗೆ ಬಿಗಿಯಬೇಡ. ನೆಲದ ಮೇಲೆ ಗಟ್ಟಿ ಚೌಕಟ್ಟು ಮಾಡಿಸಿ, ಕೆಳಗೆ ರಬ್ಬರಿನ ಇಲ್ಲವೇ ಸ್ಪ್ರಿಂಗಿನ ಮೆತ್ತೆ ಕೊಡಿಸು. ಮೋಟಾರೂ ಹೊಗೆಕೊಳವೆಯೂ ಕೂಡುವಲ್ಲಿ ತಗಡಿಗೆ ತಗಡು ತಾಗದಂತೆ, ಬಿಸಿ ತಡೆಯುವ ಬಟ್ಟೆಯ ಜೋಡಣೆ ಹಾಕಿಸು. ಇವತ್ತು ಮಾಡಿದರೆ ಖರ್ಚು ಸಣ್ಣದು. ಅಡುಗೆಮನೆ ನಿಂತ ಮೇಲೆ ಎಲ್ಲ ಒಡೆದು ಮಾಡಬೇಕಾಗುತ್ತದೆ, ನಮ್ಮ ಕೆಳಗಿನವರು ಈಗ ಹಿಂಜರಿಯುತ್ತಿರುವುದೂ ಅದಕ್ಕೇ. ಹತ್ತರ ನಂತರ ಹಿಂಬಾಗಿಲು ಮುಚ್ಚಿ ಪಾತ್ರೆ ತೊಳೆಯಲು ಹುಡುಗರಿಗೆ ಹೇಳು.

ಮೇಲಿನ ಮನೆಯವರನ್ನು ಇನ್ನೂ ಕಂಡಿಲ್ಲವೆಂದೆಯಲ್ಲ, ಈ ವಾರವೇ ಹೋಗು. ಮೋಟಾರು ಕೂರಿಸಿದ ದಿನ ನನಗೊಂದು ಫೋನ್ ಮಾಡು, ಬರುತ್ತೇನೆ. ರಾತ್ರಿ ಹತ್ತೂವರೆಗೆ ನೀನು ಕೆಳಗೆ ಗುಂಡಿ ಒತ್ತು. ಅವರು ಒಪ್ಪಿದರೆ ನಾನು ಅವರ ಕೋಣೆಯ ಗೋಡೆಗೆ ಕೈಯಿಟ್ಟು ನೋಡುತ್ತೇನೆ. ಚೊಂಬು ನೀರನ್ನೂ ಇಡೋಣ.

ನಿನ್ನ,
ಚೆಂಬೂರಿನ ಗೆಳೆಯ